ಒಂಬತ್ತರಲ್ಲಿಟ್ಟ ಒಲೆ

...ಅದನ್ನೇ ಹೇಳುತ್ತಿದ್ದೇನೆ, ಕೂಕಾ ಚಿಕ್ಕಮ್ಮ. ಇದು ಶಿಕ್ಷೆಯಲ್ಲ, ಬರೀ ಒಂದು ಸಹಿ. ನಾಲ್ಕು ಗಂಟೆಗೆ ಪೆಟ್ರೋಸಿಯನ್ ಬರುತ್ತಾನೆ. ಕಟ್ಟಡದ ಮೇನೇಜರ್ ಅಲ್ಲವೇ, ಅವನಿಗೆ ಬೇಕಿರುವುದು ಕಾಗದ. ಒಲೆಯ ಒಡೆದ ಗಾಜು ನೋಡಿಯಾಗಿದೆ, ನಿಮ್ಮ ಕೈಯ ಬ್ಯಾಂಡೇಜೂ ನೋಡಿಯಾಗಿದೆ. ಇನ್ನು ತಪ್ಪು ಯಾರದು ಎಂದು ಒಂದು ಸಾಲು ಸಿಕ್ಕಿದರೆ ಅವನ ಕೆಲಸ ಮುಗಿಯಿತು... ಯಾಕೆ ನಗುತ್ತೀರಿ? ನಗುವಂಥದ್ದು ಏನು ಹೇಳಿದೆ?

ಬೇಡ, ನನಗೆ ಕಾಫಿ ಬೇಡ. ಕುಳಿತುಕೊಳ್ಳಿ. ಆ ಕೈಯಲ್ಲಿ ಏನನ್ನೂ ಎತ್ತಬೇಡಿ. ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ ಎಂದರೆ ನೀವು ಟೂತ್‌ಪೇಸ್ಟ್ ಬಳಿದುಕೊಂಡು ಕುಳಿತಿರಿ. ಗುಳ್ಳೆ ಏಳದೆ ಇನ್ನೇನಾಗುತ್ತದೆ?

ಓದುತ್ತೇನೆ, ಕೇಳಿ. ನಿಮ್ಮ ಪೂರ್ತಿ ಹೆಸರೇ ಹಾಕಿದ್ದೇನೆ. "ರೆಫುಹಿಯೊ ಬರಾಹಾಸ್ ಎಂಬ ನಾನು, ತರಬೇತಿಯಲ್ಲಿ ಹೇಳಿದ್ದಕ್ಕೆ ವಿರುದ್ಧವಾಗಿ, ಕೆಳಮಹಡಿಯ ಸಾಮೂಹಿಕ ಅಡುಗೆಮನೆಯ ಇಂಡಕ್ಷನ್ ಒಲೆಯ ಮೇಲೆ ಸಲ್ಲದ ಪಾತ್ರೆಯಿಟ್ಟು, ನೋಡಿಕೊಳ್ಳುವವರಿಲ್ಲದೆ ಬಿಟ್ಟುಹೋದೆ. ಇನ್ನು ಮುಂದೆ ಆ ಅಡುಗೆಮನೆಯನ್ನು ಬಳಸುವುದಿಲ್ಲ." ಇಷ್ಟೇ. ಗೊತ್ತು... ಇಪ್ಪತ್ತೆರಡು ವರ್ಷದಿಂದ ನಿಮ್ಮ ಅಡುಗೆ ಅಲ್ಲೇ. ಬಾಯ್ಲ್ ಹೈಟ್ಸ್‌ನ ಈ ಓಣಿಯಲ್ಲಿ ಅರ್ಧ ಮಕ್ಕಳು ನಿಮ್ಮ ತಮಾಲೆ, ಆ ಮೆಕ್ಕೆಜೋಳದ ಕಡುಬು, ತಿಂದು ಬೆಳೆದಿದ್ದಾರೆ, ನಾನೂ ಅವರಲ್ಲೊಬ್ಬಳು. ಆದರೆ ಒಲೆಗೆ ಅದೆಲ್ಲ ಗೊತ್ತಾಗುವುದಿಲ್ಲ.

ತರಬೇತಿ ಕೊಟ್ಟವಳು ನಾನು. ಎರಡು ಸಲ, ನಮ್ಮದೇ ಭಾಷೆಯಲ್ಲಿ. ತಳಕ್ಕೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಆ ಪಾತ್ರೆ ಆಗುತ್ತದೆ, ಜಾರಿದರೆ ಆಗುವುದಿಲ್ಲ. ನೀವು ಫ್ರಿಜ್ಜಿಗೆ ಅಂಟಿದ್ದ ಗ್ವಾದಲೂಪೆ ಮಾತೆಯ ಅಯಸ್ಕಾಂತದ ಬಿಲ್ಲೆಯನ್ನೇ ಕಿತ್ತು ತಂದು ತಮಾಲೆ ಬೇಯಿಸುವ ಆ ದೊಡ್ಡ ಡಬರಿಗೆ ಹಿಡಿದಿರಿ. ಜಾರಿ ಬಿತ್ತು. "ಮಾತೆಗೆ ಅಲ್ಯೂಮಿನಿಯಂ ಹಿಡಿಸುವುದಿಲ್ಲ" ಎಂದಿರಿ, ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮರುವಾರ ಸಂತೆಯಿಂದ ಆ ಕಬ್ಬಿಣದ ತಟ್ಟೆ ತಂದಿರಿ. ಒಲೆ ತಟ್ಟೆಯನ್ನು ಕಾಯಿಸುತ್ತದೆ, ತಟ್ಟೆ ಡಬರಿಯನ್ನು ಕಾಯಿಸುತ್ತದೆ. ಉಪಾಯವೇನೋ ಉಪಾಯವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಶಾಖ ಕೆಳಗಿನ ಗಾಜಿಗೂ ಇಳಿಯುತ್ತದೆ. ಸಣ್ಣ ಉರಿಯಲ್ಲಿಟ್ಟು, ಪಕ್ಕದಲ್ಲೇ ನಿಂತರೆ ಹೇಗೋ ನಡೆದೀತು. ಬಿಟ್ಟುಹೋದರೆ ನಡೆಯುವುದಿಲ್ಲ.

ಅದರ ಮೇಲೆ ಆ ನಾಣ್ಯ. ತಳದ ನೀರಿಗೊಂದು ನಾಣ್ಯ ಹಾಕುವುದು. ಅದು ಕಟಕಟ ಎನ್ನುವ ತನಕ ನೀರಿದೆ, ಸುಮ್ಮನಾದರೆ ನೀರು ಆರಿತು. ಅಜ್ಜಿಯಿಂದ ಕಲಿತದ್ದು, ಗ್ಯಾಸ್ ಇದ್ದಷ್ಟು ದಿನ ಒಮ್ಮೆಯೂ ಮೋಸ ಮಾಡಲಿಲ್ಲ. ಒಪ್ಪುತ್ತೇನೆ. ಆದರೆ ಈ ಒಲೆಯ ಮೇಲೆ ತಟ್ಟೆಯೇ ನಡುಗುತ್ತದೆ, ಚಿಕ್ಕಮ್ಮ. ಡಬರಿಯ ಕೆಳಗೆ ಅದೂ ಕಟಕಟ ಎನ್ನುತ್ತದೆ. ನೀರು ಆರಿತು, ನಾಣ್ಯ ಸುಮ್ಮನಾಯಿತು, ಆದರೂ ಆ ಸದ್ದು ನಿಲ್ಲಲೇ ಇಲ್ಲ. ಬಾಗಿಲಾಚೆಗೂ ಕೇಳಿಸುತ್ತಿತ್ತು, ಮೊದಲಿನಂತೆಯೇ, ಎಲ್ಲ ಸರಿಯಿದೆ ಎನ್ನುವಂತೆ...

ಏನು? ಯಾಕೆ ಹಾಗೆ ನೋಡುತ್ತೀರಿ?

ಕೇಳಿಸಿರಬೇಕು ಎಂದೆ. ಯಾರಿಗಾದರೂ. ಕೇಳಿಸಿರಬಹುದು.

ಇರಲಿ. ಮುಖ್ಯವಾದದ್ದು ಇದು: ಗಾಜು ಚಟ್ಟೆಂದಾಗ ಒಲೆಯ ಉರಿ ಒಂಬತ್ತರಲ್ಲಿತ್ತು. ಮೇನ್ ಸ್ವಿಚ್ ಆರಿಸಿದವಳು ನಾನೇ, ಆರಿಸುವ ಮುಂಚೆ ನೋಡಿದ್ದೇನೆ. ವರದಿಯಲ್ಲೂ ಒಂಬತ್ತು ಎಂದೇ ಬರೆದಿದ್ದೇನೆ. ಅಂಕಿಯ ವಿಷಯದಲ್ಲಿ ನಾನು ಸುಳ್ಳು ಬರೆಯುವವಳಲ್ಲ.

ಏನದು, ಐದು ಬೆರಳು?

ಐದರಲ್ಲಿಟ್ಟು ಹೋಗಿದ್ದಿರಾ... ಇರಬಹುದು. ನೆನಪು ತಪ್ಪಿರಬಹುದು. ಕ್ಯಾಂಡೆಲಾರಿಯಾ ಹಬ್ಬದ ದಿನ, ಮಧ್ಯಾಹ್ನದೊಳಗೆ ಚರ್ಚಿಗೆ ಇನ್ನೂರು ತಮಾಲೆ ಹೋಗಬೇಕಿತ್ತು, ಗಡಿಬಿಡಿ. ಇಲ್ಲವೇ ಒಲೆ ತಾನಾಗಿಯೇ ಏರಿಸಿಕೊಂಡಿತೇನೋ... ಇಲ್ಲ. ಏರಿಸಿಕೊಳ್ಳುವುದಿಲ್ಲ. ಅತಿಯಾಗಿ ಕಾದರೆ ತಾನಾಗಿ ಇಳಿಸಿಕೊಳ್ಳಬಹುದು, ಆರಿಸಿಕೊಳ್ಳಬಹುದು. ಏರಿಸಲು ಬೆರಳು ಬೇಕು. ಅದನ್ನೂ ತರಬೇತಿಯಲ್ಲಿ ನಾನೇ ಹೇಳಿದ್ದು.

ಕೈ ಇಳಿಸಿ, ಚಿಕ್ಕಮ್ಮ. ಸಾಕು.

ಹದಿನಾಲ್ಕು ತಿಂಗಳು. ಇಂಜಿನಿಯರಿಂಗ್ ಡಿಗ್ರಿ ಹಿಡಿದು ಹದಿನಾಲ್ಕು ತಿಂಗಳು ಅಲೆದೆ. ವಿಳಾಸ ನೋಡಿದ ಕೂಡಲೇ ಕೆಲಸ ಕೊಡುವವರ ಮುಖ ಬದಲಾಗುವುದನ್ನು ನಾನು ಲೆಕ್ಕ ಇಡಬಲ್ಲೆ. ಈಗ ಸೋಮವಾರದಿಂದ ಕೆಲಸ. ಮನೆಮನೆಗೆ ಹೋಗಿ ಇಂಥ ಒಲೆಗಳನ್ನು ಅಪಾಯವಿಲ್ಲದೆ ಬಳಸುವುದು ಹೇಗೆಂದು ಕಲಿಸುವ ಕೆಲಸ. ಈ ಕಾಗದದಲ್ಲಿ ಬೇರೆ ಹೆಸರು ಬಂದರೆ ಆ ಸೋಮವಾರ ಇಲ್ಲ. ಇದು ನಿಮಗೆ ಅರ್ಥವಾಗುತ್ತದೆಯೇ? ಏನಾದರೂ ಹೇಳಿ. ಇಷ್ಟು ಹೊತ್ತು ನಾನೊಬ್ಬಳೇ ಮಾತಾಡುತ್ತಿದ್ದೇನೆ.

ಏನು ಮಾಡುತ್ತಿದ್ದೀರಿ? ಎಡಗೈಯಲ್ಲಿ... ತಡೆಯಿರಿ. ಕನ್ನಡಕವನ್ನೂ ಹಾಕಿಕೊಳ್ಳದೆ? ಹೀಗೆ ಸಹಿ ಮಾಡಬೇಡಿ. ಮೊದಲು ಕೇಳಿ. ಐದನ್ನು ಒಂಬತ್ತು ಮಾಡಿದವರು ಯಾರು ಎಂದು ಕೇಳಿ.

ನೀವು ಕೇಳುವುದಿಲ್ಲ.

"ನಾಣ್ಯದ ಕಡೆ ಕಿವಿಯಿರಲಿ, ಮಗಳೇ" ಎಂದು ನನಗೆ ಹೇಳಿಯೇ ಅಲ್ಲವೇ ನೀವು ಚರ್ಚಿಗೆ ಹೋದದ್ದು? ಸಂದರ್ಶನದ ಕರೆ ಹತ್ತು ನಿಮಿಷ ಮೊದಲೇ ಬಂತು. ಅಷ್ಟರಲ್ಲಿ ಬೇಯಲಿ ಎಂದು ಒಂಬತ್ತಕ್ಕೆ ಏರಿಸಿದೆ. ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಸಲ್ಲದ ಪಾತ್ರೆ ಬಳಸುವ ಹಿರಿಯರಿಗೆ ಹೇಗೆ ತಿಳಿಹೇಳುತ್ತೀರಿ ಎಂದು ಕೇಳಿದರು. ಚೆನ್ನಾಗಿ ಉತ್ತರಿಸಿದೆ. ಸದ್ದು ಕೇಳುತ್ತಲೇ ಇತ್ತು, ಚಿಕ್ಕಮ್ಮ, ನಿಜಕ್ಕೂ ಕೇಳುತ್ತಲೇ ಇತ್ತು...

ನೀವು ವಾಪಸು ಬಂದದ್ದು ನನಗೆ ತಿಳಿಯಲೇ ಇಲ್ಲ. ಒಳಗೆ ಹೋಗಲು ಇರುವುದು ಅದೊಂದೇ ಬಾಗಿಲು. ನನ್ನ ಬೆನ್ನ ಹಿಂದಿನಿಂದಲೇ ಹೋಗಿದ್ದೀರಿ. ಒಳಗೆ ಡಬರಿಯ ಮುಚ್ಚಳಕ್ಕೆ ಕೈ ಅಂಟಿ ಚರ್ಮ ಎದ್ದು ಬಂದಿದೆ, ಆದರೂ ನಾನು ಕೇಳಿದ ಮೊದಲ ಸದ್ದು ಗಾಜು ಒಡೆದದ್ದು. ಕೈ ಸುಟ್ಟವರು ಯಾಕೆ ಕೂಗಲಿಲ್ಲ ಎಂದು ಮೂರು ದಿನದಿಂದ...

ನನ್ನ ಫೋನು ಮುಗಿಯಲಿ ಎಂದು. ಅಲ್ಲವೇ?

ಬೈಯಿರಿ. ಒಂದು ಮಾತಾದರೂ ಬೈಯಿರಿ, ಕೂಕಾ ಚಿಕ್ಕಮ್ಮ. ಅವತ್ತಿನ ಹಾಗೆ ಸುಮ್ಮನಿರಬೇಡಿ.

ಬಂದ. ಪೆಟ್ರೋಸಿಯನ್ ಬಾಗಿಲು ತಟ್ಟುತ್ತಿದ್ದಾನೆ. ಪೆನ್ನು ಕೊಡಿ ಇಲ್ಲಿ. ಕಾಗದ ಬಿಡಿ. ಬಿಡಿ ಎಂದರೆ... ಹರಿಯುತ್ತದೆ.

ಹರಿಯಲಿ.