ಕಪ್ಪೆಯ ನಿಜವಾದ ಬಣ್ಣ

ಬಸ್ಸಿಗೆ ಕಾಯುತ್ತಿದ್ದ ದರ್ಜಿಯ ಪಕ್ಕಕ್ಕೆ ಬಣ್ಣದ ಡಬ್ಬಿ ಹಿಡಿದ ಹೆಂಗಸೊಬ್ಬಳು ಓಡೋಡಿ ಬಂದಳು. ಹಿಂದೆಯೇ ಅವಳ ತಂಗಿ, ಏದುಸಿರು ಬಿಡುತ್ತಾ.

“ಅಕ್ಕಾ, ಒಂದು ಕಪ್ಪೆಗೋಸ್ಕರ ಇಷ್ಟು ಓಟನಾ?”

“ಪುಸ್ತಕಕ್ಕೆ ಅಂತ ಬಾಟಲಿಲಿದ್ದ ಸತ್ತ ಕಪ್ಪೆ ನೋಡಿ ಚಿತ್ರ ಬರೆದಿದ್ನಲ್ಲ, ಅದರ ವಂಶವೇ ಅಳಿದುಹೋಯ್ತು ಅಂತ ವಿಜ್ಞಾನಿಗಳು ಅಂದಿದ್ರು. ಈಗ ಹಳ್ಳದಲ್ಲಿ ಜೀವಂತ ಸಿಕ್ಕಿದೆ ಕಣೇ!”

ದರ್ಜಿಯ ಕಿವಿ ನೆಟ್ಟಗಾಯಿತು.

“ಅದೇ ಅಂತ ಹೇಗೆ ಗೊತ್ತಾಯ್ತು ಅಕ್ಕಾ?”

“ನನ್ನ ಚಿತ್ರ ಪಕ್ಕದಲ್ಲಿಟ್ಟು ನೋಡಿದ್ರಂತೆ. ಬೆರಳು, ಬೆನ್ನಿನ ಗೆರೆ, ಎಲ್ಲಾ ತಾಳೆ ಆಯ್ತಂತೆ. ಬಣ್ಣ ಮಾತ್ರ ತಪ್ಪು.”

“ಅಯ್ಯೋ!”

“ಬಾಟಲಿಲಿ ಬಣ್ಣ ಹೋಗಿತ್ತಲ್ಲ, ಕಂದು ಬಳಿದಿದ್ದೆ. ಅದು ಗಿಳಿಹಸಿರಂತೆ!”

“ತಪ್ಪಾಗಿದ್ದಕ್ಕೆ ಕುಣಿಯೋಳು ನೀನೊಬ್ಳೇ.”

“ಸತ್ತಿದ್ದನ್ನೇ ಬರೆದೂ ಬರೆದೂ ಸಾಕಾಗಿತ್ತು.”

ಬಸ್ಸು ಬಂತು. ಇಬ್ಬರೂ ಮಾತಾಡುತ್ತಲೇ ನುಗ್ಗಿ ಹತ್ತಿದರು.

“ಕಪ್ಪೆ ಸುಮ್ನೆ ಕೂತಿರುತ್ತಾ? ನೆಗೆದುಬಿಟ್ರೆ?”

“ನೆಗೀಲಿ! ನೆಗೆಯೋದನ್ನೇ ಬರೀತೀನಿ!”

ಅದು ತನ್ನ ಬಸ್ಸೂ ಹೌದೆಂಬುದು ದರ್ಜಿಗೆ ಹೊಳೆಯುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.