ವಿಮಾನದ ರೇಡಿಯೋದಲ್ಲಿ ಗುಂಯ್ ಸದ್ದು

ಜಯನಗರದ ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದ ಪಂಕಜಾಗೆ ಪಕ್ಕದ ಇಬ್ಬರು ಹಿರಿಯರ ಮಾತು ಕೇಳಿಸುತ್ತಿತ್ತು.

“ನನ್ನನ್ನ ಇಲ್ಲಿಗ್ಯಾಕೆ ಕರ್ಕೊಂಡು ಬಂದೆ, ಬದರಿ? ಪ್ಲೇನಿನ ವೈರಿಂಗ್ ಪೂರ್ತಿ ಬಿಚ್ಚಿಟ್ಟು ಬಂದಿದೀನಿ. ನಾವಿಬ್ರೇ ಒಂಬತ್ತು ವರ್ಷ ಕೂತು ಕಟ್ಟಿದ ಪ್ಲೇನು.”

“ರೇಡಿಯೋದಲ್ಲಿ ಆ ಗುಂಯ್ ಸದ್ದು ಇನ್ನೂ ಹೋಗಿಲ್ಲ, ನಂದು.”

“ಇಂಜಿನ್ ಆಫ್ ಮಾಡಿದ್ರೂ ಬರುತ್ತಾ?”

“ಬರುತ್ತೆ.”

“ಬ್ಯಾಟರಿ ತೆಗೆದ್ರೆ?”

“ಆಗ್ಲೂ ಬರುತ್ತೆ.”

“ಅದ್ಹೇಗೆ? ಹೆಡ್‌ಸೆಟ್ ತೆಗೆದಿಟ್ರೆ?”

ಬದರಿನಾಥರು ಗೋಡೆ ನೋಡುತ್ತಾ ಹೇಳಿದರು. “ಈಗ್ಲೂ ಬರ್ತಿದೆ.”

ನಂದಕುಮಾರರು ಅವರ ಕಡೆ ತಿರುಗಿದರು. “ಯಾವಾಗಿಂದ ಗೊತ್ತು?”

“ನೀನು ಮೊದಲ್ನೇ ವೈರ್ ಬಿಚ್ಚೋಕೆ ಮುಂಚೆಯಿಂದ. ಹೇಳಿದ್ರೆ ನನ್ನ ಹಾರೋಕೆ ಬಿಡಲ್ಲ ಅಂತ ಸುಮ್ನಿದ್ದೆ.”

ನರ್ಸ್ ಬದರಿನಾಥರ ಹೆಸರು ಕೂಗಿದಳು. ಅವರಿಗೆ ಅದು ಕೇಳಿಸಲಿಲ್ಲ. ನಂದಕುಮಾರರು ಫೈಲು ಎತ್ತಿಕೊಂಡು, ಅವರ ಮೊಣಕೈ ಹಿಡಿದು ಒಳಗೆ ನಡೆದರು.