ವೀಬ್ಕೆ ಕೆಲಸ ಕಲಿತ ಎರಡು ವಾರ

ಜರ್ಮನಿಯ ಓಲ್ಡೆನ್‌ಬರ್ಗಿನ ಬಸ್ ನಿಲ್ದಾಣದಲ್ಲಿ ಪಕ್ಕದ ತಾಯಿ-ಮಗಳ ಮಾತು, ಬಸ್ಸಿಗೆ ಕಾಯುತ್ತಿದ್ದ ಗುಡ್ರುನ್ ಕಿವಿಗೆ ಬೇಡವೆಂದರೂ ಬೀಳುತ್ತಿತ್ತು.

"ಶಾಲೆಯಿಂದ ಎರಡು ವಾರ ಕೆಲಸ ಕಲಿಯೋಕೆ ಹೋಗಿದ್ದು ಹಲ್ಲಿನ ಡಾಕ್ಟರ್ ಹತ್ರ ಅಲ್ವೇನೇ, ವೀಬ್ಕೆ?"

"ಅಲ್ಲಮ್ಮ, ಹೆಣ ಸಿಂಗಾರ ಮಾಡೋರ ಹತ್ರ. ಫಾರಮ್ಮಿಗೆ ನೀನೇ ಸಹಿ ಹಾಕಿದ್ದು."

"ಅಯ್ಯೋ ದೇವ್ರೇ, ಓದ್ದೇ ಹಾಕ್ಬಿಟ್ನಲ್ಲ!"

"ಹತ್ತನೇ ಕ್ಲಾಸ್ ಮುಗಿದ್ಮೇಲೆ ಮೂರು ವರ್ಷ ಅಲ್ಲೇ ಕಲೀತೀನಿ. ಅವರೂ ಒಪ್ಪಿದ್ದಾರೆ."

"ನನ್ನ ಹೆಣ ಬಿದ್ಮೇಲೆ ಹೋಗು!"

"ಅಮ್ಮ, ಅದೇ ಎರಡು ವಾರದಲ್ಲಿ ಅಜ್ಜಿ ತೀರಿಕೊಂಡು ಶವಪೆಟ್ಟಿಗೇಲಿ ಮಲಗಿದ್ದಾಗ, ಯಾರೋ ಪುಣ್ಯಾತ್ಮರು ಎಷ್ಟು ಚೆನ್ನಾಗಿ ಜಡೆ ಹಾಕಿದ್ದಾರೆ ಅಂತ ನೀನು ಅಳ್ತಾ ಹೇಳಿದ್ಯಲ್ಲ?"

ತಾಯಿ ಮಗಳತ್ತ ತಿರುಗಿದಳು.

"ಅದು... ನೀನಾ?"

"ಹೂಂ. ಇವತ್ತು ಬೆಳಿಗ್ಗೆ ನಿಂಗೆ ಹಾಕಿದ್ನಲ್ಲ, ಹಾಗೇ."

ಬಸ್ ಬಂತು. ಮಗಳ ಹಿಂದೆ ತಾಯಿಯೂ ಹತ್ತಿದಳು, ತನ್ನ ಜಡೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು.